ನೀರಿಗೆ ನೀರು

“ಅಮ್ಮಾ, ದುಕ್ಮ್ ಪಟ್ಟಣಕ್ಕೆ ದಾರಿ ಯಾವುದು?” ಎಂದು ನನ್ನ ಹರಕು ಅರಬಿಯಲ್ಲಿ ಕೇಳಿದೆ. ದಾರಿ ತಪ್ಪಿದ ನನ್ನ ಕಾರು ಮರುಭೂಮಿಯ ಒಂಟಿ ಮನೆಯೊಂದರ ಮುಂದೆ ಕುದಿದು ನಿಂತಿತ್ತು.

“ದಾರಿ ಎಲ್ಲೂ ಓಡಿಹೋಗಲ್ಲ. ಇಂಜಿನ್ ಆರಲಿ, ಕೂತ್ಕೋ,” ಎಂದು ಮನೆಯ ಮುದುಕಿ ಗದರಿದರು. ಡಾಂಬರು ರಸ್ತೆ ಬರುವುದಕ್ಕೆ ಎಷ್ಟೋ ಮುಂಚೆ ಈ ಬಯಲಲ್ಲಿ ಮೊದಲು ನೆಲೆನಿಂತವರು ಅವರ ಮಾವನಂತೆ. ಒಂದೆಡೆ ಕೂರುವುದು ನನ್ನಿಂದಾಗದ ಕೆಲಸ. ಕತೆ ಕೇಳುತ್ತಲೇ ನಾಲ್ಕು ಸಲ ಗಡಿಯಾರ ನೋಡಿದೆ.

ಇಂಜಿನ್ ಆರಿದ ಮೇಲೆ ಅವರು ಡ್ರಮ್ಮಿನ ತಳದ ನೀರನ್ನೆಲ್ಲ ಬಳಿದು ರೇಡಿಯೇಟರಿಗೆ ಸುರಿದರು. ಆಗ ನೋಡಿದೆ, ಅವರ ಆಡುಗಳು ಖಾಲಿ ತೊಟ್ಟಿ ನೆಕ್ಕುತ್ತಿದ್ದವು. ನೀರಿನ ಟ್ಯಾಂಕರ್ ಬರುವುದು ನಾಳೆಯಂತೆ.

ನಾಚಿಕೆಯಿಂದ ನೋಟು ತೆಗೆದೆ.

“ಆಡು ಅದನ್ನ ಕುಡಿಯುತ್ತಾ? ನೀರು ತಗೊಂಡವರು ನೀರೇ ಕೊಡಬೇಕು. ಮಾವ ಮಾಡಿದ ಕಾನೂನು.”

“ತಿರುಗಿ ಬರದವರು?”

“ಇದ್ದಾರೆ. ಅವರೂ ನಿನ್ನ ಹಾಗೇ ಗಡಿಯಾರ ನೋಡ್ತಾ ಕೂತಿದ್ರು.”

ಯಾವ ದೇಶದಲ್ಲೂ ಬಿಟ್ಟ ಊರಿಗೆ ಮರಳಿ ಹೋಗದ ನಾನು, ಅವರು ತೋರಿಸಿದ ದಾರಿ ಹಿಡಿದು ಹೋಗಿ, ಸಂಜೆಯೊಳಗೆ ದುಕ್ಮ್‌ನ ಅಂಗಡಿಯಿಂದ ಆರು ಕ್ಯಾನ್ ನೀರು ತಂದು ತೊಟ್ಟಿಗೆ ಸುರಿದೆ. ಆಡುಗಳು ಮುಗಿಬಿದ್ದವು. ಹಿರಿಯ ಆಡೊಂದು ಮಾತ್ರ ಮೂಸಿ, ಮುಖ ತಿರುಗಿಸಿ, ಆಮೇಲೆ ಕುಡಿಯಿತು.

“ಬೇಜಾರು ಮಾಡ್ಕೋಬೇಡ ಮಗಳೇ, ಅದಕ್ಕೆ ಅಂಗಡಿ ನೀರು ಹೊಸದು,” ಎಂದು ಮುದುಕಿ ಅದರ ಪರವಾಗಿ ಕ್ಷಮೆ ಕೇಳಿದರು.