ನಾನು ನೋಡಿದ ಜಗಳ

ನೂರುಲ್, ಅಂದು ಮೊದಲು ಕೈ ಎತ್ತಿದವನು ನೀನಲ್ಲ. ನಾನು ಕಣ್ಣಾರೆ ನೋಡಿದ್ದೆ. ನೋಡಿಯೂ ನೋಡಿಲ್ಲವೆಂದೆ.

ಬ್ರಿಕ್‌ಫೀಲ್ಡ್ಸಿನ ಆ ತಮಿಳು ಮುಸ್ಲಿಮರ ಮಾಮಕ್ ಹೋಟೆಲಿನಲ್ಲಿ ನೀನು ತವೆಯ ಮುಂದೆ ನಿಂತು ಪರೋಟ ಬೀಸುತ್ತಿದ್ದೆ. ಎದುರಿನ ಮೇಜಿಗೇ ನಾನು ಅಂಟಿಕೊಂಡಿರುತ್ತಿದ್ದೆ. ಹುಬ್ಬಳ್ಳಿಯಿಂದ ಈ ಪರದೇಶಕ್ಕೆ ಬಂದ ಒಂಟಿ ಎಂಜಿನಿಯರನಿಗೆ ಮನೆಯ ಉರ್ದುವಿನಲ್ಲಿ ನಾಲ್ಕು ಮಾತಾಡಲು ಸಿಕ್ಕವನು, ಬರ್ಮಾದಿಂದ ಜೀವ ಉಳಿಸಿಕೊಂಡು ಓಡಿಬಂದ ನೀನೊಬ್ಬನೇ.

ಕುಡಿದು ಬಂದ ಗಿರಾಕಿ ಸ್ಟೂಲ್ ಎತ್ತಿ ನಿನ್ನ ಮೇಲೆ ಬೀಸಿದ. ನೀನು ತಳ್ಳಿದೆ, ಅವನ ತಲೆ ಮೇಜಿನ ಅಂಚಿಗೆ ಬಡಿಯಿತು — ನಡೆದದ್ದು ಇಷ್ಟೇ. ಪೊಲೀಸರು ಕೇಳಿದಾಗ ನಾನು ಫೋನ್ ನೋಡುತ್ತಿದ್ದೆ ಎಂದುಬಿಟ್ಟೆ. ನನ್ನ ವೀಸಾ ಆಗ ಪುತ್ರಜಯಾದ ವಲಸೆ ಕಚೇರಿಗೆ ನವೀಕರಣಕ್ಕೆ ಹೋಗಿತ್ತು. ಸಾಕ್ಷಿ, ಕೋರ್ಟು ಎಂದು ಸಿಕ್ಕಿಹಾಕಿಕೊಂಡರೆ — ಹೆದರಿದೆ.

ಕೋರ್ಟಿನ ಹೊರಗೆ ನೀನು ನನ್ನ ತೋಳು ಹಿಡಿದುಕೊಂಡೆ. ನಾವಾಡಿದ ಆ ಉರ್ದು ನನ್ನ ಕಿವಿಯಲ್ಲಿ ಈಗ ನಮ್ಮೂರಿನ ಮಾತಾಗಿಯೇ ಉಳಿದಿದೆ.

"ಭಾಯ್, ನೀವು ನೋಡೀರೇನು?"

"ನೋಡಿಲ್ಲೋ. ತಪ್ಪಾತು ಅಂತ ಒಪ್ಕೊಂಡುಬಿಡು. ದಂಡ ಹಾಕಿ ಬಿಡ್ತಾರ, ಸಂಜಿಗೆ ಮನ್ಯಾಗ ಇರ್ತಿ."

"ನೀವು ಓದಿದವ್ರು. ನೀವು ಹೇಳಿದಂಗ ಮಾಡ್ತೀನಿ."

ನೀನು ಒಪ್ಪಿಕೊಂಡೆ. ಸಂಜೆಗೆ ಮನೆಯನ್ನೂ ಸೇರಿದೆ. ಆದರೆ ಹಲ್ಲೆ ಮಾಡಿ ಶಿಕ್ಷೆಯಾದವನು ಎಂಬ ಮಾತು ನಿನ್ನ ಹೆಸರಿಗೆ ಅಂಟಿತು. ನಿಮಗೆ ಆಶ್ರಯ ಕೊಡಲು ಹೊರಟಿದ್ದ ಕೆನಡಾ, ಅಪರಾಧ ಸಾಬೀತಾಗಿದೆಯೆಂದು ನಿನ್ನನ್ನು ಬಿಟ್ಟು ಹೆಂಡತಿ, ಮಗಳನ್ನಷ್ಟೇ ಕರೆಸಿಕೊಂಡಿತು. ಹೀಗಾಗುವುದು ಗೊತ್ತಿರಲಿಲ್ಲ ಎನ್ನಲೇ? ಜಗಳಕ್ಕೆ ಮುಂಚೆ, ಅದೇ ವಾರ ನೀನು ಹೇಳಿದ್ದೆ — ಕೆನಡಾದವರ ಸಂದರ್ಶನ ಮುಗಿಯಿತು ಭಾಯ್, ಇನ್ನು ಪೊಲೀಸ್ ಕೇಸೊಂದು ತಗಲಿಕೊಳ್ಳದಿದ್ದರೆ ಸಾಕು ಎಂದು. ಗೊತ್ತಿತ್ತು.

ಅವರು ಹೋಗಿ ನಾಲ್ಕು ವರ್ಷವಾಯಿತು. ನೀನಿನ್ನೂ ಹೋಟೆಲಿಗೆ ಬಂದವರಿಗೆಲ್ಲ ನನ್ನನ್ನು ತೋರಿಸಿ, ಕೋರ್ಟಿಗೆ ನನ್ನ ಜೊತೆ ಬಂದವರು ಇವರೊಬ್ಬರೇ ಎನ್ನುತ್ತೀಯ. ಎಷ್ಟೋ ದಿನ ಊಟ ಕಟ್ಟಿಸಿಕೊಂಡು ಹೋಗಿ ಕೋಣೆಯಲ್ಲಿ ಗೋಡೆ ನೋಡುತ್ತಾ ತಿಂದಿದ್ದೇನೆ.

ಕಳೆದ ಭಾನುವಾರ ನಿನ್ನ ಮಗಳ ಫೋನ್ ಬಂತು. ಹಿಟ್ಟಿನ ಡಬ್ಬಿಗೆ ಆನಿಸಿಟ್ಟ ಫೋನಿನಲ್ಲಿ ಅವಳು ಈಗೀಗ ಇಂಗ್ಲಿಷನ್ನೇ ಆಡುತ್ತಾಳೆ. ನಿನಗೆ ಅರ್ಥವಾಗುವುದಿಲ್ಲ, ನನ್ನತ್ತ ತಿರುಗುತ್ತೀಯ.

"ಏನಂದ್ಲು, ಭಾಯ್?"

ಅಪ್ಪ ಏನು ತಪ್ಪು ಮಾಡಿದನೆಂದು ಅವನನ್ನು ಇಲ್ಲಿಗೆ ಬರಲು ಬಿಡುತ್ತಿಲ್ಲ ಎಂದು ಕೇಳಿದ್ದಳು.

"ಸಾಲಿ ಚಲೋ ಅದ ಅಂತ," ಎಂದೆ. ನೀನು ನಕ್ಕೆ.

ಇದನ್ನು ಕನ್ನಡದಲ್ಲಿ ಬರೆಯುತ್ತಿರುವುದು ನೀನು ಓದಲಾರೆ ಎಂಬ ಧೈರ್ಯದಿಂದ — ಅದೂ ಹೇಡಿತನವೇ. ವಕೀಲರೊಬ್ಬರನ್ನು ಹುಡುಕಿ ನೋಡಿದ್ದನ್ನೆಲ್ಲ ಹೇಳುತ್ತೇನೆ. ಈಗ ಅದರಿಂದ ಏನಾದರೂ ಆದೀತೋ, ಗೊತ್ತಿಲ್ಲ. ಅದಕ್ಕೂ ಮೊದಲು ಭಾನುವಾರ ಬರುತ್ತದೆ. ಅವಳು ಮತ್ತೆ ಕೇಳುತ್ತಾಳೆ. ಕೇಳಿದ್ದನ್ನು ಕೇಳಿದ ಹಾಗೆಯೇ ನಿನಗೆ ಹೇಳುತ್ತೇನೆ, ನೂರುಲ್. ಆಮೇಲೆ ಉತ್ತರವನ್ನೂ ನಾನೇ ಕೊಡುತ್ತೇನೆ.