ಚೀಟಿ ಅಂಟಿಸಿ ಗುಜರಿಗೆ ಕೊಟ್ಟ ಕಂಪ್ಯೂಟರ್

ಗೆಳೆಯರೇ, ಮನೆಯಲ್ಲಿ ಉಪಕಾರಬುದ್ಧಿಯ ಮಾವ ಇದ್ದರೆ ಹುಷಾರಾಗಿರಿ.

ದೇವದುರ್ಗದಲ್ಲಿ ನನ್ನದೊಂದು ಆನ್‌ಲೈನ್ ಅರ್ಜಿ ತುಂಬುವ ಅಂಗಡಿ ಇದೆ. ಇವತ್ತು ನಾನು ಬರುವಷ್ಟರಲ್ಲಿ ಅಲ್ಲಿನ ಹಳೆಯ ಕಂಪ್ಯೂಟರನ್ನು ಸೋದರಮಾವ ಗುಜರಿಗೆ ಕೊಟ್ಟುಬಿಟ್ಟಿದ್ದರು.

"ಮಾವಾ, ಅದರಾಗ ಊರ ಮಂದಿ ಆಧಾರ್ ಕಾರ್ಡು, ಪಾಸ್‌ಬುಕ್ಕು ಎಲ್ಲಾ ಅದಾವು! ಪುಣ್ಯಾಕ್ಕ ಪಾಸ್‌ವರ್ಡ್ ಗುಜರಿಯವರಿಗೆ ಗೊತ್ತಿಲ್ಲ."

"ಗೊತ್ತದವ್ವಾ. ಚೀಟ್ಯಾಗ ಬರದು ಮ್ಯಾಲ ಅಂಟಿಸೀನಿ. ಪೆಟ್ಟಿಗಿ ಕೊಟ್ಟು ಕೀಲಿಕೈ ನಾವ ಇಟ್ಕೊಂಡ್ರ ಮಂದಿ ಏನಂದಾರು?"

ಹಳೆ ಸೀರೆಯನ್ನು ಪಾತ್ರೆ ಮಾರುವವಳಿಗೆ ಕೊಡುವಾಗಲೂ ಸೆರಗಿನ ಗಂಟು ಬಿಚ್ಚಿ ನೋಡುವ ಮನೆತನ ನಮ್ಮದು!

ಗುಜರಿ ಅಂಗಡಿಗೆ ಓಡಿದೆ. ಅಂಗಡಿಯವನು ಕಂಪ್ಯೂಟರ್ ಚಾಲೂ ಮಾಡಿಕೊಂಡು, ಪರದೆಯ ಮೇಲೆ ತನ್ನದೇ ಆಧಾರ್ ಕಾರ್ಡನ್ನು ದಿಟ್ಟಿಸುತ್ತಿದ್ದ. ಹೋದ ವರ್ಷ ರೇಷನ್ ಕಾರ್ಡಿನ ಅರ್ಜಿಗೆಂದು ನಾನೇ ಸ್ಕ್ಯಾನ್ ಮಾಡಿದ್ದೆ.

"ಏನ್ರಿ ಯಕ್ಕಾ, ನನ್ನ ಕಾರ್ಡು ನನಗ ಮಾರೀರಲ್ಲ!" ಎಂದು ರೇಗಿದ.

"ತಪ್ಪಾತ್ರಿ. ಹಾರ್ಡ್ ಡಿಸ್ಕ್ ಬಿಚ್ಚಿ ಕೊಡ್ರಿ" ಎಂದೆ.

"ಅದನ್ನ ತಗದ್ರ ಈ ಡಬ್ಬಿ ಯಾರು ತಗೋತಾರ? ನಂದೊಂದ ಅಳಿಸ್ರಿ. ಉಳಿದವರದು ಇರ್ಲಿ ಬಿಡ್ರಿ."

ಅರ್ಧ ತಾಸು ಜಗಳಾಡಿ ಡಿಸ್ಕ್ ಬಿಚ್ಚಿಸಿಕೊಂಡು ಬಂದೆ. ಎಂಥ ಸ್ವಾರ್ಥಿ ಎಂದು ದಾರಿಯುದ್ದಕ್ಕೂ ಅವನನ್ನು ಬೈದುಕೊಂಡೆ. ನನ್ನ ಅಂಗಡಿಯಿಂದ ಗುಜರಿಗೆ ಓಡುವಾಗ ನನಗೂ ಮೊದಲು ನೆನಪಾಗಿದ್ದು ಕಂಪ್ಯೂಟರಿನಲ್ಲಿದ್ದ ನನ್ನ ಪಾಸ್‌ಬುಕ್ಕೇ ಅನ್ನುವುದನ್ನು ಮಾತ್ರ ಅವನಿಗೆ ಹೇಳಿಲ್ಲ.