ಗೆರೆಯ ಮನೆಯಲ್ಲಿ ಊಟದ ಹೊತ್ತು

ಒಂದು ಮನೆ ಚೆನ್ನಾಗಿದೆಯೋ ಇಲ್ಲವೋ ಎಂದು ತಿಳಿಯಲು ಸುರಪುರದ ನಮ್ಮ ಮನೆಯಲ್ಲಿ ಒಂದು ಪರೀಕ್ಷೆಯಿತ್ತು; ಅದಕ್ಕೆ ಬೇಕಾದದ್ದು ಒಂದು ಹಳೆಯ ಕೌದಿ ಮತ್ತು ಹೊಟ್ಟೆ ತುಂಬ ಉಂಡ ನನ್ನ ಅಜ್ಜಿ. ಯಾರ ಹೊಸ ಮನೆಗೆ ಹೋದರೂ ಆಕೆ ಬಾಗಿಲ ಕೆತ್ತನೆಯನ್ನಾಗಲಿ ಗೋಡೆಯ ಬಣ್ಣವನ್ನಾಗಲಿ ಹೊಗಳುತ್ತಿರಲಿಲ್ಲ. ಊಟ ಮುಗಿದ ಮೇಲೆ ಮನೆಯೊಡತಿಯಿಂದ ಕೌದಿ ಕೇಳಿ ಪಡೆದು, ಪಡಸಾಲೆಯಲ್ಲೊಮ್ಮೆ, ಕಿಟಕಿಯ ಬುಡದಲ್ಲೊಮ್ಮೆ, ಒಳಕೋಣೆಯ ಹೊಸ್ತಿಲ ಬಳಿಯೊಮ್ಮೆ ಹಾಸಿ ನೋಡಿ, ಎಲ್ಲಿಯಾದರೂ ಗಾಳಿ ಸುಳಿದು ಕಣ್ಣು ಹತ್ತಿತೆಂದರೆ ಎದ್ದ ಮೇಲೆ ಒಂದೇ ಮಾತು ಹೇಳುತ್ತಿದ್ದಳು: "ಮನಿ ಛಲೋ ಕಟ್ಟಿಸೀರಿ." ನಿದ್ದೆ ಬಾರದಿದ್ದರೆ ಚಹಾ ಛಲೋ ಇತ್ತು ಎಂದು ಹೇಳಿ ಹೊರಡುತ್ತಿದ್ದಳು. ಮನೆಯವರಿಗೆ ಅಷ್ಟರಲ್ಲೇ ಎಲ್ಲ ತಿಳಿಯುತ್ತಿತ್ತು.

ನಾನು ಮದುವೆಯಾಗಿ ಬಂದು ಸೇರಿದ ಶಹಾಪುರವಂತೂ ಮಲಗುವುದನ್ನು ಗೌರವಿಸುವ ಊರು. ಊರಾಚೆಯ ಗುಡ್ಡವೇ ಬುದ್ಧ ಮಲಗಿದ ಆಕಾರದಲ್ಲಿದೆಯೆಂದ ಮೇಲೆ ಮಧ್ಯಾಹ್ನದ ನಿದ್ದೆಗೆ ಇಲ್ಲಿ ಯಾರೂ ನಾಚಿಕೊಳ್ಳಬೇಕಾಗಿಲ್ಲ. ಇಲ್ಲಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಬಹುಕಾಲ ಚಿತ್ರಕಲೆ ಕಲಿಸಿ ನಿವೃತ್ತಳಾದ ನನ್ನನ್ನು ಒಂದು ಚಳಿಗಾಲ ಕೆಲವರು ಹುಡುಕಿಕೊಂಡು ಬಂದರು. ಜಿಲ್ಲೆಯಲ್ಲಿ ಕಟ್ಟಡ ವಿನ್ಯಾಸಕ್ಕೆ ಪ್ರಶಸ್ತಿ ಕೊಡುತ್ತಾರಂತೆ, ಕಟ್ಟಿ ಮುಗಿದ ಕಟ್ಟಡಕ್ಕಾಗಿ ವಾಸ್ತುಶಿಲ್ಪ ಸಂಸ್ಥೆಗಳಿಗೊಂದು, ಇನ್ನೂ ಕಾಗದದ ಮೇಲಿರುವ ನಕ್ಷೆಗಾಗಿ ವಿದ್ಯಾರ್ಥಿಗಳಿಗೊಂದು. ತೀರ್ಪುಗಾರರಲ್ಲಿ ಊರಿನವರೊಬ್ಬರು ಬೇಕಂತೆ. ಉಳಿದಿಬ್ಬರು ಕಲಬುರಗಿಯ ಒಬ್ಬ ಪ್ರೊಫೆಸರ್ ಮೇಡಂ ಮತ್ತು ಕಾಲುವೆ ಕೆಲಸದಲ್ಲೇ ತಲೆ ಬೆಳ್ಳಗೆ ಮಾಡಿಕೊಂಡು ನಿವೃತ್ತರಾದ ಇಂಜಿನಿಯರ್ ಇನಾಮದಾರ ಸಾಹೇಬರು. ಬಣ್ಣದ ಡಬ್ಬಿ ಬಿಟ್ಟರೆ ಬೇರೇನೂ ಗೊತ್ತಿಲ್ಲದ ನಾನು ಒಪ್ಪಿಕೊಂಡದ್ದು ಶುದ್ಧ ಕುತೂಹಲದಿಂದ. ಒಳ್ಳೆಯ ಕಟ್ಟಡವನ್ನು ಓದಿದವರು ಹೇಗೆ ಗುರುತಿಸುತ್ತಾರೆ ಎಂದು ನೋಡುವ ಆಸೆ ನನಗೆ ಮೊದಲಿನಿಂದಲೂ ಇತ್ತು.

ಸಂಸ್ಥೆಗಳ ಕಟ್ಟಡಗಳನ್ನು ನೋಡುವ ಕೆಲಸ ಸುಲಭವಾಗಿ ಮುಗಿಯಿತು. ಯಾದಗಿರಿಯ ಒಂದು ಕಲ್ಯಾಣ ಮಂಟಪಕ್ಕೆ ಎದುರಿಗೆಲ್ಲ ಗಾಜು. ಫೋಟೋದಲ್ಲಿ ಕಣ್ಣು ತುಂಬುವಂತಿದ್ದ ಅದರೊಳಗೆ ಕಾಲಿಟ್ಟರೆ, ಸಂಕ್ರಾಂತಿಯ ಬಿಸಿಲಿಗೇ ಬೆನ್ನು ಬೆವರಿತು. ಶಹಾಪುರದ ಹೊರಗಿನ ಹೆಣ್ಣುಮಕ್ಕಳ ವಸತಿನಿಲಯ ನೋಡಲು ಸಾದಾ. ಆದರೆ ಹೊರಗೋಡೆಗೂ ಕೋಣೆಗಳಿಗೂ ನಡುವೆ ನೆಲಕ್ಕೆ ಹಾಸುವ ಪರಸಿ ಕಲ್ಲಿನ ಚಪ್ಪಡಿಗಳ ಸಂದುಗಳಿಂದ ಬೆಳಕು ಸೋಸಿ ಬರುವ ಒಂದು ಉದ್ದನೆಯ ಓಣಿಯಿತ್ತು. ಅಲ್ಲಿ ಕಲ್ಲಿಗೊರಗಿ ಕುಳಿತ ನಾನು, ಪ್ರೊಫೆಸರ್ ಮೇಡಂ ಗಾಳಿಯ ದಿಕ್ಕನ್ನು ವಿವರಿಸುತ್ತಿರುವಾಗಲೇ ನಿದ್ದೆಗೆ ಜಾರಿದೆನಂತೆ. ಎಚ್ಚರವಾದಾಗ ಇನಾಮದಾರ ಸಾಹೇಬರು ಗಂಭೀರವಾಗಿ, "ಅಕ್ಕಾರು ತೀರ್ಪು ಕೊಟ್ಟಾರ್ರಿ, ಬರಕೋರಿ" ಎಂದರು. ಮೇಡಂ ನಕ್ಕರೂ ಅವರ ಅಂಕಗಳೂ ಆ ಕಟ್ಟಡಕ್ಕೇ ಹೋಗಿದ್ದವು. ಓದಿದವರ ದಾರಿಯೂ ಅಜ್ಜಿಯ ಕೌದಿಯ ದಾರಿಯೂ ಒಂದೇ ಬಾಗಿಲಿಗೆ ಬಂದು ಸೇರಿದ್ದು ಕಂಡು ನನಗೆ ತುಂಬ ಸಂತೋಷವಾಯಿತು.

ಆದರೆ ಗೆಳೆಯರೇ, ನಕ್ಷೆಯಲ್ಲಿ ನಿದ್ದೆ ಮಾಡುವುದು ಹೇಗೆ? ಕಾಗದದ ಮೇಲಿನ ಮನೆಗೆ ಗಾಳಿಯಿಲ್ಲ, ಧೂಳಿಲ್ಲ, ಒಲೆಯ ಹೊಗೆಯಿಲ್ಲ. ಅದರಲ್ಲಿ ಯಾರೂ ಜಗಳವಾಡುವುದಿಲ್ಲ, ಯಾರೂ ಒದ್ದೆ ಬಟ್ಟೆ ಒಣಹಾಕುವುದಿಲ್ಲ. ಕಟ್ಟಡಗಳ ಫೋಟೋಗಳನ್ನೇ ನೋಡಿ, ಬಹುಪಾಲು ಮನುಷ್ಯರೇ ಇರುವುದಿಲ್ಲ. ಮನುಷ್ಯ ಬಂದರೆ ಅಂದ ಕೆಡುತ್ತದೆಯೆಂಬ ಭಯವೋ ಏನೋ! ಬಂದ ಮೇಲೂ ಕೆಡದೆ ಉಳಿಯುವುದೇ ಅಂದವಲ್ಲವೇ ಎಂದು ನನಗೆ ಅನ್ನಿಸುತ್ತದೆ. ಅದನ್ನು ಕಟ್ಟುವ ಮೊದಲೇ ಕಂಡುಹಿಡಿಯುವ ಬಗೆ ಮಾತ್ರ ನನಗೆ ತಿಳಿದಿರಲಿಲ್ಲ.

ವಿದ್ಯಾರ್ಥಿಗಳ ವಿಭಾಗದಲ್ಲಿ ಕೊನೆಗೆ ಉಳಿದವು ಎರಡು ನಕ್ಷೆಗಳು. ಒಂದು ನಮ್ಮ ಸುರಪುರದ ಹಳೆಯ ಚಿತ್ರಕಲೆಗಾಗಿ ಒಬ್ಬ ಹುಡುಗ ಯೋಚಿಸಿದ ಚಿತ್ರಶಾಲೆ. ಅಚ್ಚುಕಟ್ಟಾಗಿತ್ತು, ನನ್ನೂರಿನ ಅಭಿಮಾನವೂ ಅದರ ಕಡೆಗೇ ಎಳೆಯುತ್ತಿತ್ತು. ಇನ್ನೊಂದು ಹತ್ತಿರದ ಸಗರ ಎಂಬ ಹಳ್ಳಿಯ ರೇಣುಕಾ ಎಂಬ ಕೊನೆಯ ವರ್ಷದ ಹುಡುಗಿ ಬರೆದ 'ಬುತ್ತಿಯ ನೆರಳು', ಭತ್ತದ ನಾಟಿಗೆ ಹೋಗುವ ಹೆಂಗಸರು ಮಧ್ಯಾಹ್ನ ಕುಳಿತು ಉಣ್ಣಲು ಕಾಲುವೆಯ ದಂಡೆಯಲ್ಲೊಂದು ಕಲ್ಲಿನ ಮಂಟಪ. ವಿದ್ಯಾರ್ಥಿ ಪ್ರಶಸ್ತಿಗೆ ಒಂದು ವಿಶೇಷವಿತ್ತು: ಗೆದ್ದ ನಕ್ಷೆಯನ್ನು ಒಂದು ಗೆರೆಯೂ ಬದಲಿಸದೆ, ಕೊಟ್ಟಂತೆಯೇ ನಿಜವಾಗಿ ಕಟ್ಟಿಸುತ್ತಾರೆ. ರೇಣುಕಾಳ ತಾಯಿ ಭೀಮಬಾಯಿ ನಾಟಿಯ ಕೆಲಸದವಳು. ಮಗಳು ಗೆದ್ದರೆ ತಾಯಿ ಮುಂದಿನ ಹಂಗಾಮಿಗೆ ಆ ನೆರಳಿನಲ್ಲಿ ಕುಳಿತು ಉಣ್ಣಬಹುದಿತ್ತು.

ನೆರಳೇ ಯಾಕೆ ಎಂದರೆ, ಅದಕ್ಕೆ ಕಾಲುವೆಯ ಕಥೆ ಹೇಳಬೇಕು. ನೀರು ಬಂದಾಗ ಅದು ಹೊಲಕ್ಕೆ ಮಾತ್ರ ಬಂದಿತೆಂದು ನಾವೆಲ್ಲ ತಿಳಿದಿದ್ದೆವು, ಅದು ನಮ್ಮ ಮನೆಗಳೊಳಗೂ ಬಂದಿತ್ತು. ತಲೆಮಾರುಗಳಿಂದ ಜೋಳ ಕಾಪಾಡಿದ ನೆಲದಡಿಯ ಹಗೇವುಗಳಲ್ಲಿ ತೇವ ಒಸರಿ ಕಾಳು ಮುಗ್ಗಿತು, ಎರೆಮಣ್ಣು ಉಬ್ಬಿ ಗೋಡೆಗಳು ಬಿರುಕುಬಿಟ್ಟವು. ಜೋಳ ತೊಗರಿಯ ಹೊಲಗಳು ಗದ್ದೆಗಳಾದಾಗ ಬದುವಿನ ಮೇಲಿದ್ದ ಜಾಲಿ ಬೇವುಗಳೂ ಒಂದೊಂದಾಗಿ ಹೋದವು. ದಿನವೆಲ್ಲ ಕೆಸರಿನಲ್ಲಿ ಬಾಗಿ ನಿಲ್ಲುವ ಹೆಂಗಸರಿಗೆ ಬುತ್ತಿ ಬಿಚ್ಚಲು ಒಣ ನೆಲವೂ ನೆರಳೂ ಸಿಗುವುದು ಕಷ್ಟವಾಯಿತು. ಕಾಲುವೆ ತೋಡಿದವರಲ್ಲಿ, ಅದನ್ನು ಮೆಚ್ಚಿ ಮಾತಾಡಿದ ನಮ್ಮಲ್ಲಿ, ಯಾರಿಗೂ ಈ ಸಂಗತಿ ಹೊಳೆದಿರಲಿಲ್ಲ. ರೇಣುಕಾಳಿಗೆ ಹೊಳೆದಿತ್ತು ಎಂಬ ಕಾರಣಕ್ಕೇ ನನ್ನ ಮನಸ್ಸು ತವರೂರನ್ನು ಬಿಟ್ಟು ಅವಳ ಕಡೆಗೆ ವಾಲಿತು.

ನಕ್ಷೆಯೂ ಚೆನ್ನಾಗಿಯೇ ಇತ್ತು. ತೆಳ್ಳನೆಯ ಕಂಬಗಳ ಮೇಲೆ ಪರಸಿಯ ಸೂರು, ಕೆಸರು ತೊಳೆಯಲು ಮೆಟ್ಟಿಲು, ಒಳಗೆ ಎದುರುಬದುರಾಗಿ ಎರಡು ನೀಳವಾದ ಕಲ್ಲಿನ ಕಟ್ಟೆ, ನಡುವೆ ಓಡಾಡಲು ದಾರಿ. ಬರಿಯ ಕಾಗದ ನೋಡಿ ತೀರ್ಪು ಕೊಡಬಾರದೆಂದು ನಾನು ಹಟ ಹಿಡಿದದ್ದಕ್ಕೆ, ರೇಣುಕಾ ತಾನೇ ಒಂದು ಉಪಾಯ ಹೇಳಿದಳು: ಮನೆಗೆ ಪಾಯ ತೋಡುವ ಮೊದಲು ಸುಣ್ಣದ ಪುಡಿಯಿಂದ ಗೆರೆ ಹಾಕುತ್ತಾರಲ್ಲ, ಹಾಗೆ ಇಡೀ ಮಂಟಪವನ್ನು ದಂಡೆಯ ಮೇಲೆ ನಿಜದ ಅಳತೆಯಲ್ಲೇ ಹಾಕಿ ತೋರಿಸುತ್ತೇನೆ, ನಾಟಿಯ ಹೆಂಗಸರನ್ನೇ ಕರೆದು ಒಳಗೆ ಕೂಡಿಸೋಣ. ನನಗೆ ಅಜ್ಜಿಯ ಕೌದಿಯೇ ಸಿಕ್ಕಷ್ಟು ಖುಷಿಯಾಯಿತು.

ನಾವು ಮೂವರೂ ಸಗರದ ಆಚೆಯ ಆ ದಂಡೆಗೆ ಹೋದಾಗ ಸೂರ್ಯ ನೆತ್ತಿಗೆ ಬಂದಿದ್ದ. ಕಪ್ಪು ಮಣ್ಣಿನ ಮೇಲೆ ಬೆಳ್ಳಗೆ ಒಂದು ಮನೆ ಬಿದ್ದುಕೊಂಡಿತ್ತು, ಅದರಾಚೆ ಕಡಿಯದೆ ಉಳಿದ ಒಂದು ಕುಳ್ಳು ಬೇವಿನ ಮರ. ಭೀಮಬಾಯಿಯೂ ಅವಳ ಜೊತೆಯವರೂ ಕಾಲುವೆಯಲ್ಲಿ ಕೈಕಾಲು ತೊಳೆದು ಬುತ್ತಿಯ ಗಂಟು ಹಿಡಿದು ಬಂದರು. ಗೋಡೆಯಿಲ್ಲದ, ಸೂರಿಲ್ಲದ ಆ ಮನೆಯೊಳಗೆ ಎಲ್ಲಿಂದ ಬೇಕಾದರೂ ಹೋಗಬಹುದಿತ್ತು. ಆದರೆ ಅವರು ಗೆರೆಯನ್ನು ತುಳಿಯದೆ ಸುತ್ತು ಹಾಕಿ, ಬಾಗಿಲೆಂದು ಬಿಟ್ಟ ಸಂದಿನ ಎದುರು ಚಪ್ಪಲಿ ಬಿಟ್ಟು, ಒಬ್ಬರ ಹಿಂದೊಬ್ಬರು ತಲೆ ಬಾಗಿಸಿ ಒಳಗೆ ಹೋದರು. ಪ್ರೊಫೆಸರ್ ಮೇಡಂ ಕ್ಯಾಮೆರಾ ತೆಗೆದವರು ಹಾಗೆಯೇ ಕೆಳಗಿಳಿಸಿದರು. ನನಗೆ ಕಣ್ಣು ಒದ್ದೆಯಾಯಿತು ಎಂದು ಹೇಳಿಕೊಳ್ಳಲು ಸಂಕೋಚವೇನಿಲ್ಲ.

"ಕುಂಡ್ರಬೇಕೇನವ್ವಾ?" ಎಂದು ಭೀಮಬಾಯಿ ಮಗಳನ್ನು ಕೇಳಿದಳು.

"ಹೂಂ ಯವ್ವಾ, ಆ ಎರಡು ಗೆರಿ ಕಟ್ಟಿ ಅಂತ ತಿಳಕೋರಿ. ಕುಂತು ಉಣ್ರಿ."

ಅವರು ಕುಳಿತರು. ಕಟ್ಟೆಯ ಗೆರೆಯುದ್ದಕ್ಕೂ ಸಾಲಾಗಿ, ಸೆರಗು ಸರಿಮಾಡಿಕೊಂಡು, ಬಸ್ಸಿಗೆ ಕಾಯುವವರ ಹಾಗೆ ಎದುರಿನ ಸಾಲನ್ನು ನೋಡುತ್ತ ಕುಳಿತರು. ಬರುವಾಗ ದಾರಿಯುದ್ದಕ್ಕೂ ಕೇಳಿಸಿದ್ದ ನಗು ನಿಂತುಹೋಯಿತು. ಬುತ್ತಿಯ ಗಂಟುಗಳು ತೊಡೆಯ ಮೇಲೆಯೇ ಉಳಿದವು. ಇನಾಮದಾರ ಸಾಹೇಬರು, "ಬುತ್ತಿ ಬಿಚ್ರಿ ಬಾಯಾರ, ನಮಗ್ಯಾಕ ನಾಚತೀರಿ?" ಎಂದು ಬೆನ್ನು ತಿರುಗಿಸಿ ನಿಂತರೂ ಯಾರೂ ಬಿಚ್ಚಲಿಲ್ಲ. ಸ್ವಲ್ಪ ಹೊತ್ತಿಗೆ ಭೀಮಬಾಯಿ ಎದ್ದಳು. "ಭಾಳ ಛಲೋ ಆಗ್ಯಾದವ್ವಾ, ದೊಡ್ಡವರ ಮನಿ ಇದ್ದಂಗ ಅದ" ಎಂದು ಮಗಳ ಗಲ್ಲ ಮುಟ್ಟಿ ನೆಟಿಕೆ ಮುರಿದಳು. ಎಲ್ಲರೂ ಹೊಗಳಿದರು. ಹೊಗಳಿ, ಬಾಗಿಲಿನಿಂದಲೇ ಹೊರಬಂದು, ಚಪ್ಪಲಿ ಮೆಟ್ಟಿ, ಆ ಕುಳ್ಳು ಬೇವಿನ ಬುಡಕ್ಕೆ ನಡೆದು ಸುತ್ತಲೂ ದುಂಡಗೆ ಕುಳಿತರು.

ಕುಳಿತದ್ದೇ ತಡ, ಮಾತು ಶುರುವಾಯಿತು. ಗಂಟುಗಳು ಬಿಚ್ಚಿದವು. ಒಬ್ಬಳ ಪುಂಡಿಪಲ್ಯ, ಒಬ್ಬಳ ಶೇಂಗಾ ಹಿಂಡಿ, ಇನ್ನೊಬ್ಬಳ ಬದನೆಕಾಯಿ ಎಲ್ಲವೂ ನಡುವಿಗೆ ಬಂದವು. ರೊಟ್ಟಿ ಮಾತ್ರ ಅವರವರ ಕೈಯಲ್ಲಿ, ಪಲ್ಯ ಎಲ್ಲರದು. ಇದು ನಮ್ಮ ಕಡೆಯ ಹೊಲದ ಊಟದ ರೀತಿ, ನನಗೂ ಗೊತ್ತಿದ್ದದ್ದೇ, ಪ್ರೊಫೆಸರ್ ಮೇಡಂಗೂ ಗೊತ್ತಿದ್ದದ್ದೇ. ಆ ದುಂಡಿನೊಳಗೇ ಕೂಸಾಗಿ ಕುಳಿತು ಉಂಡು ಬೆಳೆದ ರೇಣುಕಾಳಿಗೆ ಅದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ನಕ್ಷೆಯ ಹಲಗೆಯ ಮುಂದೆ ಕುಳಿತಾಗ ಕೈಗೆ ಬಂದದ್ದು ನೇರ ಗೆರೆ. ಕುಳಿತುಕೊಳ್ಳುವ ಜಾಗವೆಂದರೆ ಸಾಲೆಂದು ಕಲಿಕೆ ಅವಳಿಗೆ ಹೇಳಿತ್ತು. ಬಲ್ಲದ್ದನ್ನು ಮರೆಸಿಬಿಡುವ ಶಕ್ತಿ ಕಲಿಕೆಗೆ ಎಷ್ಟಿದೆಯೆಂದು ನಾನು ಇವತ್ತಿಗೂ ಬೆರಗುಪಡುತ್ತೇನೆ.

ಇನಾಮದಾರ ಸಾಹೇಬರಿಗೆ ಇದರಲ್ಲಿ ದೋಷವೇನೂ ಕಾಣಲಿಲ್ಲ. "ರೂಢಿ ಇಲ್ಲ, ಕಟ್ಟಿದ ಮ್ಯಾಲ ರೂಢಿ ಆಗತದ. ನನ್ನ ವೋಟ್ ಇದಕ್ಕ" ಎಂದರು. ಹೇಗಾದರೂ ಆ ಹೆಂಗಸರಿಗೊಂದು ನೆರಳಾಗಲೆಂದು ನಾನೂ ತಲೆಯಾಡಿಸಿದೆ. ಮೂವರಲ್ಲಿ ಇಬ್ಬರಾದೆವು, ಅಲ್ಲಿಗೆ ರೇಣುಕಾ ಗೆದ್ದಂತೆಯೇ. ಸಗರದ ದಂಡೆಯ ಮೇಲೆ ಮಂಟಪ ಏಳುವುದೆಂದೇ ನಾನು ತಿಳಿದೆ.

ಆ ಹುಡುಗಿ ಮಾತ್ರ ನಮ್ಮನ್ನು ನೋಡುತ್ತಿರಲಿಲ್ಲ. ಮರದ ಕಡೆಗೇ ನೋಡುತ್ತ ನಿಂತವಳು ಗೆರೆಯ ಮನೆಯೊಳಗೆ ಹೋಗಿ, ಎರಡು ಕಟ್ಟೆಗಳನ್ನೂ ಕಾಲಿನಿಂದ ಒರಸಿಹಾಕಿದಳು. ಉಳಿದ ಸುಣ್ಣದಿಂದ ಕಂಬಗಳ ನಡುವೆ ಒಂದು ದುಂಡನೆಯ ಗೆರೆ ಎಳೆದು, ಅದರೊಳಗೆ ತಾನೇ ಕುಕ್ಕರುಗಾಲಲ್ಲಿ ಕುಳಿತು ಸುತ್ತ ನೋಡಿ, ತಲೆಯಲ್ಲಾಡಿಸಿ ಅದನ್ನೂ ಒರಸಿದಳು. ಕಂಬಗಳೇ ಅಡ್ಡ ಬರುತ್ತಿದ್ದವು. ಸೂರು, ಮೆಟ್ಟಿಲು, ಬಾಗಿಲು, ಎಲ್ಲವನ್ನೂ ಮೊದಲಿನಿಂದ ಯೋಚಿಸಬೇಕಿತ್ತು.

ಎದ್ದು ಬಂದು ಹೇಳಿದಳು: "ಇದಕ್ಕ ಬಹುಮಾನ ಬ್ಯಾಡ್ರಿ."

"ಬೇಟಿ, ಖರೇನ ಹೇಳಾಕತ್ತಿಯೇನು?" ಸಾಹೇಬರು ಗಾಬರಿಯಾದರು. "ಮುಂದಿನ ವರ್ಷ ನೀ ವಿದ್ಯಾರ್ಥಿ ಇರಂಗಿಲ್ಲ. ಈ ಛಾನ್ಸ್ ಮತ್ತ ಬರಂಗಿಲ್ಲ."

"ಗೊತ್ತದ್ರಿ ಸರ್. ಆದ್ರ ನೀವು ಬಹುಮಾನ ಕೊಟ್ರ ಇದ್ದದ್ದು ಇದ್ದಂಗ ಕಟ್ಟತೀರಿ. ಇವರು ಛಲೋ ಅದ ಅಂತ ಹೇಳಿ ಮತ್ತ ಹೊರಗ ಹೋಗಿ ಕುಂಡ್ರತಾರ. ಸುಣ್ಣ ಅಂದ್ರ ಕಾಲೀಲೆ ಒರಸಬಹುದು, ಕಲ್ಲು ಹ್ಯಾಂಗ ಒರಸಲ್ರಿ?"

ತಿದ್ದಿದ ನಕ್ಷೆಯನ್ನು ತೆಗೆದುಕೊಳ್ಳಬಾರದೇ ಎಂದು ನಾನು ಮೇಡಂ ಮುಖ ನೋಡಿದೆ. ಅವರು ಕಠಿಣ ಹೆಂಗಸಲ್ಲ, ಆದರೂ, "ನಿಯಮ ಒಬ್ಬರಿಗೆ ಸಡಲಿಸಿದ್ರ ಆ ಇನ್ನೊಬ್ಬ ಹುಡುಗಗ ಏನ್ ಹೇಳೂನ್ರಿ?" ಎಂದರು. ಅವರು ಹೇಳಿದ್ದು ನ್ಯಾಯವೇ ಆಗಿತ್ತು. ಪ್ರಶಸ್ತಿ ಸುರಪುರದ ಚಿತ್ರಶಾಲೆಗೆ ಎಂದು ಅಲ್ಲೇ ತೀರ್ಮಾನವಾಯಿತು. ನನ್ನೂರು ಗೆದ್ದ ಆ ಗಳಿಗೆಯಲ್ಲಿ ನನ್ನಷ್ಟು ದುಃಖಪಟ್ಟವರು ಸುರಪುರದಲ್ಲಿ ಮತ್ತೊಬ್ಬರು ಇರಲಾರರು. ಶ್ರೇಷ್ಠತೆಯನ್ನು ಗುರುತಿಸಲೆಂದು ನಮ್ಮನ್ನು ಕರೆದಿದ್ದರು; ಅದು ಕಣ್ಣೆದುರೇ ನಡೆದಾಗ ಅದಕ್ಕೆ ಕೊಡಲು ನಮ್ಮ ಕೈಯಲ್ಲಿ ಏನೂ ಇರಲಿಲ್ಲ.

ಅಷ್ಟರಲ್ಲಿ ಮರದ ಬುಡದಿಂದ ಭೀಮಬಾಯಿ ನಮ್ಮನ್ನೂ ಊಟಕ್ಕೆ ಕೂಗಿದಳು. ಹೆಂಗಸರು ಅತ್ತಿತ್ತ ಸರಿದರು, ದುಂಡು ತಾನಾಗಿ ದೊಡ್ಡದಾಯಿತು. ಸುಣ್ಣ ಮೆತ್ತಿದ ಬಿಳಿಯ ಕಾಲುಗಳಲ್ಲಿ ಬಂದ ಮಗಳು ತಾಯಿಯ ಪಕ್ಕದಲ್ಲಿ ಕುಳಿತಳು.

"ಬಹುಮಾನ ಬಂತೇನವ್ವಾ?"

"ಇಲ್ಲ ಯವ್ವಾ. ನಾನಽ ಬ್ಯಾಡ ಅಂದೆ. ಗೆರಿ ತಪ್ಪು ತೆಗದಿದ್ದೆ."

ಭೀಮಬಾಯಿ ಒರಸಿಹೋದ ಗೆರೆಗಳ ಕಡೆಗೊಮ್ಮೆ ನೋಡಿದಳು, ಮಗಳ ಮುಖವನ್ನೊಮ್ಮೆ ನೋಡಿದಳು. ರೊಟ್ಟಿ ಮುರಿದು ಅವಳ ಕೈಗಿಟ್ಟಳು.

"ಹಂಗಾದ್ರ ಮೊದಲ ಉಣ್ಣು. ಉಂಡು ಮತ್ತ ತೆಗಿ."